ಕೊಕ್ಕೊ ಗಿಡ ಕಿತ್ತಾಕದಾ, ಇಟ್ಕಳದಾ? ಅಗರದ ತೆಂಗಿನ ತೋಟದ ಲೆಕ್ಕ

ಹೋದ ನವೆಂಬರ್‌ನಲ್ಲಿ ಒಂದು ಭಾನುವಾರ ಬೆಳಗ್ಗೆ ಆರೂವರೆಗೇ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣ, ಪಕ್ಕದ ಜಮೀನಿಗೆ ಜೆಸಿಬಿ ಬಂದದೆ. ಅರ್ಧ ಗಂಟೆ ಕೆಲ್ಸ. ಕೊಕ್ಕೊ ಗಿಡವ ಎಲ್ಲಾನೂ ಕಿತ್ತಾಕ್ಸಿಬುಡ್ಲಾ?"

"ನಾನು ಬರೋ ತನಕ ಒಂದು ಗಿಡಾನೂ ಮುಟ್ಬೇಡ ಕನಾ" ಅಂದು ಬೈಕ್ ಹತ್ತಿದೆ.

ಅವನ ಕಥೆ ನಿಮ್ಮಲ್ಲಿ ಎಷ್ಟೋ ಜನರ ಕಥೆಯೇ ಇರಬಹುದು. 2024ರಲ್ಲಿ ಕೊಕ್ಕೊ ಬೆಲೆ ಏರಿದ್ದು ಎಲ್ಲರ ಮೊಬೈಲಿಗೂ ಬಂದಿತ್ತಲ್ಲ. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಆ ವರ್ಷದ ಕೊನೆಗೆ ಟನ್ನಿಗೆ 12,000 ಡಾಲರ್ ದಾಟಿತು. ಕೇರಳದ ಇಡುಕ್ಕಿ ಕಡೆ ಒಣ ಬೀಜ ಕಿಲೋಗೆ 1000 ರೂಪಾಯಿ ಮುಟ್ಟಿತು ಅಂತ ಸುದ್ದಿ. ಅದಕ್ಕೂ ಒಂದೆರಡು ವರ್ಷ ಹಿಂದೆ ಇದೇ ಬೀಜ 200ರ ಆಸುಪಾಸಿನಲ್ಲಿತ್ತು. ನಮ್ಮ ಹುಡುಗ ಒಂದು ನಿಮಿಷದ ನಾಲ್ಕು ವಿಡಿಯೊ ನೋಡಿದ. ಕಬ್ಬು ತೆಗೆದ ಒಂದೂವರೆ ಎಕರೆ ಬಯಲಿಗೆ 400 ಸಸಿ ತಂದು ನೆಟ್ಟ. ಸಸಿ, ಗುಣಿ, ಡ್ರಿಪ್ ಎಲ್ಲಾ ಸೇರಿ ಅರವತ್ತು ಸಾವಿರ. ಅದಕ್ಕೆ ಅವರವ್ವನ ಸರ ಬ್ಯಾಂಕಿಗೆ ಹೋಯಿತು. 2025ರ ಕೊನೆಗೆ ಬರುವಷ್ಟರಲ್ಲಿ ಬೆಲೆ ಅರ್ಧಕ್ಕೂ ಕೆಳಗೆ ಜಾರಿತ್ತು, ಗಿಡ ಅರ್ಧಕ್ಕರ್ಧ ಸುಟ್ಟಿತ್ತು.

ಇಂಥ ಹೊತ್ತಲ್ಲಿ ನನ್ನ ತೋಟದ ಲೆಕ್ಕವನ್ನೇ ಬಿಚ್ಚಿಟ್ಟರೆ ಸರಿ ಅನಿಸಿತು. ತೋಟಗಾರಿಕೆ ಬಿ.ಎಸ್ಸಿ ಓದಿದವನು ನಾನು. ಐದಾರು ವರ್ಷ ಸಂಬಳದ ಕೆಲಸ ಮಾಡಿ, ಅಗರಕ್ಕೆ ವಾಪಸ್ ಬಂದು, ಅಪ್ಪ ಹಾಕಿದ ತೆಂಗಿನ ತೋಟವನ್ನು ಸಾವಯವ ಮಾಡಿಕೊಂಡು ಕೂತಿದ್ದೀನಿ. 2017ರಲ್ಲಿ ಒಂದು ಎಕರೆ ತೆಂಗಿನ ನಡುವೆ 170 ಕೊಕ್ಕೊ ನೆಟ್ಟೆ. ಇವತ್ತು 148 ಇವೆ. ಉಳಿದ 22 ಎಲ್ಲಿ ಹೋದವು ಅಂತ ಮುಂದೆ ಹೇಳ್ತೀನಿ.

ಮೊದಲು ದುಡ್ಡಿನ ಮಾತು

ಐದನೇ ವರ್ಷದಿಂದ ನನಗೆ ವರ್ಷಕ್ಕೆ ಹೆಚ್ಚುಕಮ್ಮಿ 120 ಕಿಲೋ ಒಣ ಬೀಜ ಸಿಗುತ್ತಿತ್ತು. ಗಿಡಕ್ಕೆ ಕಿಲೋ ಕೂಡ ಆಗಲಿಲ್ಲ. ಸವರುವ ಕೂಲಿ, ಕೊಟ್ಟಿಗೆ ಗೊಬ್ಬರ, ಸಾಗಣೆ ಸೇರಿ ಖರ್ಚು 18,000. ಕಿಲೋಗೆ 200 ಸಿಕ್ಕಾಗ ಕೈಗೆ ಬಂದದ್ದು 24,000, ಉಳಿದದ್ದು 6,000. ತಿಂಗಳಿಗೆ ಐನೂರು ರೂಪಾಯಿ! ಮೊಬೈಲ್ ರೀಚಾರ್ಜು, ಟೀ ಕಾಸು. 2024ರಲ್ಲಿ ಅದೇ 120 ಕಿಲೋ ನನಗೆ ತೊಂಬತ್ತು ಸಾವಿರದ ಹತ್ತಿರ ತಂದಿತು. ಊರಲ್ಲಿ ಒಂದಷ್ಟು ದಿನ ನಾನೇ ಬುದ್ಧಿವಂತ. ಆದರೆ ಆ ವರ್ಷ ನಾನು ತೋಟದಲ್ಲಿ ಹೊಸದಾಗಿ ಒಂದು ಕಡ್ಡೀನೂ ಎತ್ತಿಟ್ಟಿರಲಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಮಳೆ ಕೆಟ್ಟು, ಕಾಯಿಕೊಳೆ ರೋಗ, ನಂಜಾಣು ರೋಗ ಬಂದು ಫಸಲು ಹೋಗಿತ್ತು. ಅವರ ಕಷ್ಟ ನನ್ನ ಲಾಭವಾಯಿತು, ಅಷ್ಟೆ.

ಲೆಕ್ಕ ಮಾಡಿ ನೋಡಿ. ಚೆನ್ನಾಗಿ ನೋಡಿಕೊಂಡ ಗಿಡ ವರ್ಷಕ್ಕೆ ಒಂದರಿಂದ ಎರಡು ಕಿಲೋ ಒಣ ಬೀಜ ಕೊಡುತ್ತೆ. ಒಂದೂವರೆ ಅಂತಲೇ ಇಟ್ಟುಕೊಳ್ಳಿ, 148 ಗಿಡಕ್ಕೆ 222 ಕಿಲೋ. ಬೆಲೆ ಮತ್ತೆ 200ಕ್ಕೇ ಬಿದ್ದರೂ 44,000. ಖರ್ಚು 24,000ಕ್ಕೆ ಏರಿದರೂ ಕೈಯಲ್ಲಿ 20,000. ಇಳುವರಿ ಎರಡು ಪಟ್ಟು ಕೂಡ ಆಗಿಲ್ಲ, ಉಳಿತಾಯ ಮೂರು ಪಟ್ಟು ದಾಟಿತು. ನ್ಯೂಯಾರ್ಕಿನ ಬೆಲೆ ನಮ್ಮ ಕೈಲಿಲ್ಲ. ಗಿಡದ ಮೇಲಿನ ಕಾಯಿ ಲೆಕ್ಕ, ಬೀಜದ ಗುಣ, ಯಾರ ಜೊತೆ ಸೇರಿ ಮಾರುತ್ತೀವಿ ಅನ್ನೋದು ನಮ್ಮ ಕೈಲಿದೆ. ಹಾಗಾಗಿ ಬೆಲೆಯ ಮಾತು ಇಲ್ಲಿಗೆ ಸಾಕು.

ಬಯಲಲ್ಲಿ ಯಾಕೆ ಸುಟ್ಟಿತು

ಕೊಕ್ಕೊ ದೊಡ್ಡ ಮರಗಳ ನೆರಳಲ್ಲಿ ಹುಟ್ಟಿ ಬೆಳೆದ ಜಾತಿ. ನಮ್ಮ ಅಗರ, ಮಾಂಬಳ್ಳಿ ಕಡೆ ಏಪ್ರಿಲ್ ಬಿಸಿಲೂ ಒಣಗಾಳಿಯೂ ಎಳೆ ಗಿಡಕ್ಕೆ ಆಗಿಬರಲ್ಲ. ಮಲೆನಾಡಿನಷ್ಟು ಮಳೆಯೂ ನಮಗಿಲ್ಲ, ಬಿಳಿಗಿರಿರಂಗನ ಬೆಟ್ಟದ ಮೇಲೆ ಸುರಿದದ್ದು ನಮ್ಮ ತನಕ ಬರಲ್ಲ. ಹಂಗಂತ ಆಗೋದೇ ಇಲ್ಲ ಅಂತಲೂ ಅಲ್ಲ. ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ, ತಮಿಳುನಾಡಿನ ಪೊಳ್ಳಾಚಿಯಲ್ಲಿ ತೆಂಗಿನ ಕೆಳಗೆ ನೀರು ಕೊಟ್ಟು ಬೆಳೀತಿದ್ದಾರೆ. ದೇಶದಲ್ಲಿ ಹೆಚ್ಚು ಕೊಕ್ಕೊ ಬೆಳೆಯುವ ರಾಜ್ಯ ಇವತ್ತು ಆಂಧ್ರ. ನಮಗೆ ಮಾದರಿ ಅವರು. ಮಳೆ ನಂಬಿದ ದಕ್ಷಿಣ ಕನ್ನಡದ ಪದ್ಧತಿಯನ್ನು ಇಲ್ಲಿಗೆ ಹಾಗೇ ಎತ್ತಿಕೊಂಡು ಬಂದರೆ ನಡೆಯಲ್ಲ.

ತೆಂಗಿನ ವಯಸ್ಸೂ ನೋಡಬೇಕು. ಎಂಟರಿಂದ ಇಪ್ಪತ್ತು ವರ್ಷದ ತೆಂಗು ಗರಿ ಹರಡಿಕೊಂಡು ಕೆಳಗೆ ಕತ್ತಲೆ ಮಾಡಿರುತ್ತೆ. ಇಪ್ಪತ್ತು ಇಪ್ಪತ್ತೈದು ದಾಟಿದ ಮೇಲೆ ಮರ ಎತ್ತರ ಹೋಗಿ ಬಿಸಿಲು ಸೋಸಿ ಬೀಳುತ್ತೆ, ಆಗ ಸರಿ. ಸಾಲಿಂದ ಸಾಲಿಗೆ 25 ಅಡಿ ಇದ್ದರೆ ನಡುವೆ ಒಂದು ಸಾಲು ಕೊಕ್ಕೊ, ಗಿಡದಿಂದ ಗಿಡಕ್ಕೆ 10 ಅಡಿ. ಎಕರೆಗೆ 170ರ ಆಸುಪಾಸು ಕೂರುತ್ತೆ. ಬೇಸಿಗೆಯಲ್ಲಿ ಬೆಳೆದ ಗಿಡಕ್ಕೆ ಡ್ರಿಪ್ಪಿನಲ್ಲಿ ದಿನಕ್ಕೆ 20 ಲೀಟರ್ ನೀರು ಬೇಕು. ನಿಮ್ಮ ಬೋರು ಮಾರ್ಚ್‌ನಲ್ಲೇ ಗಾಳಿ ಉಗುಳುತ್ತೆ ಅಂದರೆ ದಯವಿಟ್ಟು ಈ ಬೆಳೆಗೆ ಕೈ ಹಾಕಬೇಡಿ. ತೆಂಗಿಗೇ ಸಾಲದ ನೀರನ್ನು ಇಬ್ಬರಿಗೆ ಹಂಚಿ ಎರಡನ್ನೂ ಕೊರಗಿಸೋದು ಬೇಡ.

ನನ್ನ 22 ಗಿಡದಲ್ಲಿ ಹದಿನಾಲ್ಕು ಹೋಗಿದ್ದು ಹೀಗೇ. ತೋಟದ ಪಶ್ಚಿಮದ ಅಂಚಲ್ಲಿ ಎರಡು ತೆಂಗು ಬಿದ್ದಿದ್ದವು, ಆ ಬಯಲಿಗೂ ನೆಟ್ಟಿದ್ದೆ. ಓದಿಕೊಂಡವನು ನಾನು, ಆದರೂ ನೆಟ್ಟೆ. ಮಿಕ್ಕ ಎಂಟನ್ನು ನಾನೇ ಕಡಿದೆ. ಆರನೇ ವರ್ಷಕ್ಕೂ ಮೈತುಂಬ ಹೂವು, ಕಾಯಿ ಮಾತ್ರ ಇಲ್ಲ.

ಹೂವು ಬಿಟ್ಟು ಕಾಯಿ ಕಟ್ಟದ ಗಿಡ

ಇದನ್ನು ಸಸಿ ಮಾರುವವರು ಹೇಳಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಕೊಕ್ಕೊದಲ್ಲಿ ಬಹಳಷ್ಟು ಗಿಡಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟಲ್ಲ, ಬೇರೆ ತಳಿಯ ಗಿಡದ ಪರಾಗವೇ ಬೇಕು. ಒಂದೇ ತಾಯಿಮರದಿಂದ ಕಸಿ ಮಾಡಿದ ಗಿಡಗಳನ್ನು ತೋಟದ ತುಂಬ ನೆಟ್ಟರೆ ಎಲ್ಲವೂ ಒಂದೇ ರಕ್ತ, ಸಂಬಂಧ ಕೂಡಲ್ಲ. ನಾನು ಮೊದಲ ಸಲ ಕೊಂಡ ಕಡೆ ಒಂದು ಸಾಲು ಇಂಥದ್ದೇ ಬಂದಿತ್ತು. ಅದಕ್ಕೇ ಬೇರೆ ಬೇರೆ ತಳಿ ಬೆರೆಸಿ ನೆಡಬೇಕು, ಇಲ್ಲವೇ ಅದಕ್ಕೆಂದೇ ಮಾಡಿದ ಬೀಜೋದ್ಯಾನದ ಹೈಬ್ರಿಡ್ ಸಸಿ ತರಬೇಕು. ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು 1970ರಿಂದ ಕೊಕ್ಕೊ ಮೇಲೆ ಕೆಲಸ ಮಾಡುತ್ತಾ ಬಂದಿದ್ದಾರೆ. ಸಸಿಗೆ ಮುಂಗಡ ಕೊಡುವ ಮುಂಚೆ ಅಲ್ಲಿಗೊಂದು ಫೋನ್ ಮಾಡಿ, ನಿಮ್ಮೂರಿನ ಮಳೆ, ಬಿಸಿಲು ಹೇಳಿ, ಯಾವ ತಳಿ ಅಂತ ಕೇಳಿ. ಅಷ್ಟು ಮಾಡಿದ್ದರೆ ನನ್ನ ಆರು ವರ್ಷ ಉಳಿಯುತ್ತಿತ್ತು.

ಪರಾಗ ಸಾಗಿಸೋದು ಜೇನುಹುಳ ಅಲ್ಲ. ಕೊಕ್ಕೊ ಹೂವು ಕಾಂಡಕ್ಕೇ ಅಂಟಿಕೊಂಡ ಪುಟ್ಟ ಹೂವು. ಅದರೊಳಗೆ ನುಗ್ಗೋದು ಕಣ್ಣಿಗೂ ಸರಿಯಾಗಿ ಕಾಣದ ಒಂದು ಜಾತಿ ನೊಣ. ಆ ನೊಣದ ಮರಿ ಬೆಳೆಯೋದು ಕೊಳೆತ ಎಲೆಯಲ್ಲಿ, ಬಾಳೆ ದಿಂಡಿನ ಕೊಳೆಯಲ್ಲಿ, ಒಡೆದ ಕೊಕ್ಕೊ ಸಿಪ್ಪೆಯಲ್ಲಿ. ತೋಟ ಗುಡಿಸಿ ಅಂಗಳದ ಹಂಗೆ ಇಟ್ಟುಕೊಂಡವರಿಗೆ ಕಾಯಿ ಕಮ್ಮಿ. ನಮ್ಮಪ್ಪನಿಗೆ ಇದು ಒಪ್ಪಿಗೆ ಆಗೋಕೆ ಮೂರು ವರ್ಷ ಹಿಡೀತು. "ಇದೇನ್ಲಾ, ತಿಪ್ಪೆ ಮಾಡಿಟ್ಟಿದ್ದೀಯ" ಅಂತಿದ್ದರು. ಗಿಡದ ಬುಡಕ್ಕೆ ತಾಕದ ಹಾಗೆ ಸಾಲಿನ ನಡುವೆ ದಿಂಡು ಸೀಳಿ ಹಾಸಿ. ತೇವ ಆರದ ಹಾಗೆ ನೋಡಿಕೊಳ್ಳಿ. ಸಾವಯವ ಅನ್ನೋದು ಇಲ್ಲಿ ನೇರವಾಗಿ ಕಾಯಿ ಲೆಕ್ಕದಲ್ಲೇ ಕಾಣುತ್ತೆ, ಯಾಕಂದರೆ ಕಂಡಕಂಡ ಹಾಗೆ ಹೊಡೆದ ಕೀಟನಾಶಕ ಈ ನೊಣವನ್ನೂ ಕೊಲ್ಲುತ್ತೆ.

ಸವರೋದು ಇನ್ನೊಂದು. ಸಸಿ ಮೂರರಿಂದ ಐದು ಅಡಿ ಎತ್ತರ ಹೋಗಿ, ಛತ್ರಿ ಕಡ್ಡಿ ಬಿಚ್ಚಿದ ಹಾಗೆ ಐದು ಕೊಂಬೆ ಒಡೆಯುತ್ತೆ. ಅದರ ಕೆಳಗೆ ಕಾಂಡದಿಂದ ನೆಟ್ಟಗೆ ಏಳುವ ಚಿಗುರನ್ನು ಆಗಾಗ ಮುರಿಯುತ್ತಿರಬೇಕು, ಇಲ್ಲದಿದ್ದರೆ ಅದು ಮೇಲೆ ಹೋಗಿ ಎರಡನೇ ಛತ್ರಿ ಬಿಚ್ಚುತ್ತೆ. ನಾನು ನಾಲ್ಕು ವರ್ಷ ಕೈ ಕಟ್ಟಿ ಕೂತೆ. ಹಸಿರಾಗಿ ಚೆಂದ ಕಾಣ್ತಿತ್ತು. ಒಳಗೆ ಗಾಳಿ ಆಡದೆ ಮಳೆಗಾಲಕ್ಕೆ ಕಾಯಿ ಕಪ್ಪಾಗಿ ಕೊಳೆತವು, ಮೇಲಿನ ಕಾಯಿ ಅಳಿಲಿನ ಪಾಲಾದವು. 2023ರಲ್ಲಿ ಧೈರ್ಯ ಮಾಡಿ ಎತ್ತರ ಇಳಿಸಿದೆ, ಮುಂದಿನ ವರ್ಷ ಕಾಯಿ ಇನ್ನೂ ಕಮ್ಮಿಯಾಗುತ್ತೇನೋ ಅಂತ ಹೆದರಿಕೆಯಿತ್ತು. ಹಂಗೇನೂ ಆಗಲಿಲ್ಲ, ಆಮೇಲಿನ ವರ್ಷ ಇಳುವರಿ 170 ಕಿಲೋ ಮುಟ್ಟಿತು. 222ಕ್ಕೆ ಇನ್ನೂ ದೂರ ಇದೆ. ಅಳಿಲು, ಇಲಿಗೆ ನನಗೆ ಸಿಕ್ಕ ಮದ್ದು ಒಂದೇ: ಹತ್ತು ಹನ್ನೆರಡು ದಿನಕ್ಕೊಮ್ಮೆ ತಪ್ಪದೆ ಕೊಯ್ಲು. ಹಳದಿ ತಿರುಗಿದ ಕಾಯಿ ಮರದಲ್ಲಿ ಬಿಟ್ಟರೆ ಅದು ಅವುಗಳ ಪಾಲಿನ ಮದುವೆ ಊಟ.

ಪುತ್ತೂರಿನವರು ಕಲಿಸಿದ್ದು

ಗಿಡ ಕಿತ್ತು ಹಾಕುವ ಮಾತು ಕೊಕ್ಕೊಗೆ ಹೊಸದೇನಲ್ಲ. 1970ರ ದಶಕದಲ್ಲಿ ಅಡಿಕೆ ತೋಟದೊಳಗೆ ಕೊಕ್ಕೊ ಹಾಕಿ ಅಂತ ಕರಾವಳಿಯಲ್ಲಿ ಪ್ರಚಾರ ನಡೆದು ಜನ ಹಾಕಿದರು. 1980ರ ಹೊತ್ತಿಗೆ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ಹಸಿ ಬೀಜ ಒಂದೆರಡು ದಿನಕ್ಕಿಂತ ಮನೆಯಲ್ಲಿ ಇಟ್ಟುಕೊಳ್ಳೋ ಮಾಲಲ್ಲ. ಎಷ್ಟೋ ಜನ ಗಿಡ ಕಡಿದರು. ಆಗ ನಡುವೆ ಬಂದಿದ್ದು ಕ್ಯಾಂಪ್ಕೊ. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ್ದ ಸಹಕಾರಿ ಅದು. ಕೊಕ್ಕೊ ಖರೀದಿ ಶುರುಮಾಡಿತು, ಕೊಂಡದ್ದನ್ನು ಏನು ಮಾಡೋದು ಅಂತ ಯೋಚಿಸಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿತು. 1986ರಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ಇವತ್ತಿಗೂ ಅಲ್ಲಿನ ರೈತ ಹಸಿ ಬೀಜ ಚೀಲದಲ್ಲಿ ಒಯ್ದು ತೂಗಿಸಿ ಬರಬಹುದು.

ಕೊಳ್ಳುವವನು ಗಟ್ಟಿ ಇಲ್ಲದಿದ್ದರೆ ಎಷ್ಟು ಬೆಳೆದರೂ ಕಷ್ಟ ಅನ್ನೋದಕ್ಕೆ ಆಫ್ರಿಕಾ ಸಾಕ್ಷಿ. ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಐವರಿ ಕೋಸ್ಟ್ ಮತ್ತು ಘಾನಾದ ಸಣ್ಣ ರೈತರದ್ದು. 2024ರ ಆ ದಾಖಲೆ ಬೆಲೆ ಅವರ ಮನೆಗೆ ಪೂರ್ತಿ ಬರಲಿಲ್ಲ. ಅಲ್ಲಿ ಸರ್ಕಾರ ಹಂಗಾಮಿನ ಮೊದಲೇ ದರ ನಿಗದಿ ಮಾಡಿ, ಬೆಳೆಯನ್ನು ಮುಂಗಡವಾಗಿ ಮಾರಿರುತ್ತೆ. 2019ರಲ್ಲಿ ಎರಡೂ ದೇಶ ಸೇರಿ ಟನ್ನಿಗೆ 400 ಡಾಲರ್ ಹೆಚ್ಚುವರಿ ಕೊಡಲೇಬೇಕು ಅಂತ ಕಂಪನಿಗಳಿಗೆ ಷರತ್ತು ಹಾಕಿದವು. ಘಾನಾದಲ್ಲಿ 1993ರಲ್ಲಿ ಶುರುವಾದ ಕುವಾಪ ಕೊಕೂ ಅನ್ನೋ ರೈತರ ಸಹಕಾರಿ ಲಂಡನ್ನಿನ ಚಾಕೊಲೇಟ್ ಕಂಪನಿಯೊಂದರಲ್ಲೇ ಪಾಲು ಪಡೆಯಿತು. ನಮ್ಮ ಕ್ಯಾಂಪ್ಕೊ ಅದಕ್ಕೂ ಏಳು ವರ್ಷ ಮುಂಚೆ ಸ್ವಂತ ಕಾರ್ಖಾನೆ ನಡೆಸುತ್ತಿತ್ತು ಅಂತ ನೆನೆದರೆ ನನಗೆ ಒಂಥರಾ ಹೆಮ್ಮೆ.

ಅಗರದ ಬಿಸಿಲೇ ಬಂಡವಾಳ

ನಮ್ಮ ಅಕ್ಕಪಕ್ಕದಲ್ಲಿ ಹಸಿ ಬೀಜ ಕೊಳ್ಳೋರು ಇಲ್ಲ. ಆದ್ದರಿಂದ ನಾವೇ ಹುದುಗಿಸಿ ಒಣಗಿಸಬೇಕು. ಇಲ್ಲೊಂದು ಅದೃಷ್ಟ ಇದೆ. ಕರಾವಳಿಯಲ್ಲಿ ಜೂನ್ ಬಂದರೆ ಬೀಜ ಒಣಗಿಸೋದೇ ಯುದ್ಧ. ನಮ್ಮಲ್ಲಿ ಮುಂಗಾರು ಹಗುರ, ಸೆಪ್ಟೆಂಬರ್ ಅಕ್ಟೋಬರ್ ಮಳೆ ಬಿಟ್ಟರೆ ವರ್ಷದ ಬಹುಪಾಲು ಬಿಸಿಲು. ಗಿಡಕ್ಕೆ ಶಾಪವಾದ ಬಿಸಿಲು ಬೀಜಕ್ಕೆ ವರ.

ಹತ್ತರಿಂದ ಹನ್ನೆರಡು ಕಾಯಿ ಒಡೆದರೆ ಒಂದು ಕಿಲೋ ಹಸಿ ಬೀಜ, ಮೂರು ಕಿಲೋ ಹಸಿಗೆ ಸುಮಾರು ಒಂದು ಕಿಲೋ ಒಣ. ಕಾಯಿಯನ್ನು ಮಚ್ಚಲ್ಲಿ ಕೊಚ್ಚಬೇಡಿ, ಬೀಜ ಸೀಳುತ್ತೆ. ಕಲ್ಲಿಗೆ ಕುಟ್ಟಿ ಒಡೆಯಿರಿ. ಬೀಜವನ್ನು ಲೋಳೆ ಸಮೇತ ಬಾಳೆ ಎಲೆ ಹಾಸಿದ ಬುಟ್ಟಿಗೆ ತುಂಬಿ, ಮೇಲೆ ಎಲೆ ಮುಚ್ಚಿ. ಕೆಳಗೆ ರಸ ಬಸಿಯಬೇಕು. ಮಾರನೇ ದಿನ ಮೇಲೆ ಗೋಣಿಚೀಲ ಹೊದಿಸಿ. ಮೂರನೇ ದಿನ ಒಂದು ಸಲ, ಐದನೇ ದಿನ ಒಂದು ಸಲ ತಿರುವಿ ಹಾಕಿ, ಆರು ದಿನಕ್ಕೆ ಮುಗೀತು. ಒಳಗೆ ಲೋಳೆಯ ಸಕ್ಕರೆ ಮೊದಲು ಹೆಂಡ, ಆಮೇಲೆ ಹುಳಿ ಆಗುತ್ತೆ, ಕೈ ಇಟ್ಟರೆ ಸುಡುವಷ್ಟು ಬಿಸಿ ಏರುತ್ತೆ. ಬಿಸಿಗೆ ಬೀಜ ಸತ್ತು ಒಳಗಿನ ನೇರಳೆ ಬಣ್ಣ ಕಂದಾಗುತ್ತೆ. ಚಾಕೊಲೇಟ್ ಘಮ ಹುಟ್ಟೋದು ಇಲ್ಲಿಂದ. ಒಣಗಿದ ಮೇಲೆ ಹತ್ತು ಬೀಜ ಉದ್ದಕ್ಕೆ ಸೀಳಿ ನೋಡಿ: ಬೂದಿ ಬಣ್ಣ ಇದ್ದರೆ ಹುದುಗೇ ಇಲ್ಲ, ನೇರಳೆ ಇದ್ದರೆ ಅರ್ಧ, ಕಂದು ಬಣ್ಣಕ್ಕೆ ಒಳಗೆ ಬಿರುಕು ಬಿಟ್ಟಿದ್ದರೆ ಚೆನ್ನಾಗಿದೆ. ಆ ಸೀಳಿದ ಬೀಜದ ಫೋಟೊ ತೆಗೆದು ಕೊಳ್ಳುವವರಿಗೆ ವಾಟ್ಸ್ಯಾಪ್ ಮಾಡಿ. ನೂರು ಮಾತು ಬೇಕಿಲ್ಲ.

ಒಣಗಿಸೋಕೆ ನಾನು ಬಳಸೋದು ಅಟ್ಟದ ಮೇಲಿದ್ದ ಹಳೇ ಬಿದಿರಿನ ತಟ್ಟೆ. ನಮ್ಮ ಕಡೆ ರೇಷ್ಮೆ ಬಿಟ್ಟ ಮನೆಗಳಲ್ಲಿ ಇವು ರಾಶಿ ಬಿದ್ದಿರುತ್ತವೆ. ಒಂದು ಎಚ್ಚರಿಕೆ. ಒಂದು ಸಲ ಮೋಡ ಕವಿಯಿತು ಅಂತ ಬೀಜವನ್ನು ತಟ್ಟೆ ಸಮೇತ ಪಕ್ಕದವರ ಹುಳುಮನೆಯಲ್ಲಿ ಇಟ್ಟೆ. ಅವರು ಹಿಂದಿನ ದಿನವಷ್ಟೇ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದಿದ್ದರು. 28 ಕಿಲೋ ಬೀಜ ಬ್ಲೀಚಿಂಗ್ ವಾಸನೆ ಹೀರಿಕೊಂಡು, ಕೊಂಡವರು ಮೂಸಿ ನೋಡಿ ವಾಪಸ್ ಕಳಿಸಿದರು. ತಪ್ಪು ಪೂರ್ತಿ ನನ್ನದು. ಕೊಕ್ಕೊ ಬೀಜ ಒಲೆ ಹೊಗೆ, ಡೀಸೆಲ್, ಈರುಳ್ಳಿ ಯಾವ ವಾಸನೆಯನ್ನೂ ಬಿಡಲ್ಲ. ತಟ್ಟೆ ತೊಳೆದು ವಾರ ಬಿಸಿಲಿಗೆ ಹಾಕಿ ಆಮೇಲೆ ಬಳಸಿ.

ಮೊದಮೊದಲು ಒಬ್ಬನೇ ನಾಲ್ಕು ಕಿಲೋ, ಆರು ಕಿಲೋ ಹುದುಗಿಸುತ್ತಿದ್ದೆ. ಚಳಿ ಬಂದರೆ ಬಿಸಿ ಏರದೆ ಬೂಸು ಹಿಡೀತಿತ್ತು. ಈಗ ನಾವು ಐದು ಮನೆಯವರು ಒಂದೇ ದಿನ ಕೊಯ್ದು, ನಮ್ಮ ಕೊಟ್ಟಿಗೆ ಪಕ್ಕದ ಮರದ ಪೆಟ್ಟಿಗೆಯಲ್ಲಿ ಒಟ್ಟಿಗೆ ಹಾಕ್ತೀವಿ. ಪ್ರತಿ ಮನೆಯ ಹಸಿ ಬೀಜ ತೂಗಿ, ತಕ್ಕಡಿಯ ಅಂಕಿ ಕಾಣುವ ಫೋಟೊ ಗುಂಪಿಗೆ ಹಾಕಿ, ಒಣಗಿದ ಮೇಲೆ ಅದೇ ಲೆಕ್ಕದಲ್ಲಿ ದುಡ್ಡು ಹಂಚೋದು. ಜಗಳ ಇಲ್ಲವೇ ಅಂದರೆ, ಇದೆ. ಒಬ್ಬರು ಬಲಿಯದ ಕಾಯಿ ತಂದು ಬೆರೆಸುತ್ತಾರೆ ಅಂತ ಎರಡು ತಿಂಗಳು ಮಾತು ಬಿಟ್ಟಿದ್ದೂ ಇದೆ. ಆದರೂ ಕ್ವಿಂಟಲ್ ಮಾಲು ಇಟ್ಟುಕೊಂಡು ಮಾತಾಡೋದಕ್ಕೂ ಹತ್ತು ಕಿಲೋ ಚೀಲ ಹಿಡಿದು ನಿಲ್ಲೋದಕ್ಕೂ ತುಂಬ ವ್ಯತ್ಯಾಸ. ಮಾಲು ಪೊಳ್ಳಾಚಿಗೆ ಹೋಗೋದು ದಿಂಬಂ ಘಾಟಿ ಇಳಿದು. ಅಲ್ಲಿ ರಾತ್ರಿ ಸಂಚಾರ ನಿರ್ಬಂಧ ಇರೋದರಿಂದ ಬೆಳಕು ಹರಿದ ಮೇಲೇ ಗಾಡಿ ಬಿಡಬೇಕು, ಆ ಬಾಡಿಗೆ ಒಬ್ಬನ ಮೈಮೇಲೆ ಬಿದ್ದರೆ ಉಳಿಯೋದು ಏನೂ ಇಲ್ಲ. ತುಂಬಾ ಚೆನ್ನಾಗಿ ಬಂದ ಬೀಜಕ್ಕೆ ಸಣ್ಣ ಚಾಕೊಲೇಟ್ ಮಾಡುವವರು ಹೆಚ್ಚು ಕೊಡ್ತಾರೆ. ನಮ್ಮ ಮೈಸೂರಲ್ಲೇ 2012ರಲ್ಲಿ ಶುರುವಾದ ನವಿಲುನ ದೇಶದ ಬೀಜದಿಂದಲೇ ಚಾಕೊಲೇಟ್ ಮಾಡಿ ಹೆಸರಾಯಿತು. ದಕ್ಷಿಣ ಕನ್ನಡದಲ್ಲಿ ಅಡಿಕೆ ತೋಟದ ಕುಟುಂಬವೇ 'ಅನುತ್ತಮ' ಅಂತ ಸ್ವಂತ ಚಾಕೊಲೇಟ್ ತಂದಿದೆ. ಆದರೆ ಇಂಥವರು ಕೊಳ್ಳೋದು ಸ್ವಲ್ಪವೇ, ಆರಿಸಿಯೇ ಕೊಳ್ಳುತ್ತಾರೆ. ಅದನ್ನೇ ನಂಬಿ ಗಿಡ ನೆಡಬೇಡಿ.

ಇನ್ನೊಂದು ಮಾತು, ಹೇಳೋಕೆ ಸ್ವಲ್ಪ ಮುಜುಗರ. ಕಾಯಿ ಒಡೆಯೋದು, ಬೀಜ ಬಿಡಿಸೋದು, ತಟ್ಟೆ ತಿರುವೋದು ನಮ್ಮ ಐದು ಮನೆಯಲ್ಲೂ ಹೆಂಗಸರೇ. ದುಡ್ಡು ಬರುತ್ತಿದ್ದದ್ದು ಗಂಡಸರ ಫೋನಿಗೆ. ಒಂದು ದಿನ ನಮ್ಮವ್ವ, "ಕೆಲ್ಸ ನಮ್ದು, ಟಿಂಗ್ ಅನ್ನದು ಮಾತ್ರ ನಿನ್ ಫೋನು" ಅಂದರು. ಈಗ ಒಣಗಿಸಿದ ಲೆಕ್ಕದಲ್ಲಿ ಕಿಲೋಗೆ ಇಷ್ಟು ಅಂತ ಅವರವರ ಖಾತೆಗೇ ಹೋಗುತ್ತೆ. ಆಮೇಲೆ ಬೂಸು ಹಿಡಿದ ಬೀಜ ಪೆಟ್ಟಿಗೆ ಸೇರೋದು ನಿಂತೇಹೋಯಿತು. ಅವ್ವ ಒಂದೊಂದನ್ನೂ ಆರಿಸಿ ಎಸೀತಾರೆ.

ಜೆಸಿಬಿ ಏನಾಯ್ತು

ಚಿಕ್ಕಪ್ಪನ ಮಗನ ಜಮೀನಿಗೆ ಹೋಗಿ ಇಬ್ಬರೂ ಸಾಲು ಸಾಲು ನಡೆದು ಎಣಿಸಿದೆವು. 400ರಲ್ಲಿ ಜೀವ ಇದ್ದದ್ದು 190. ಅದರಲ್ಲಿ ಪೂರ್ವದ ಬದುವಿನ ಹೊಂಗೆ, ಹುಣಸೆ ನೆರಳಿಗಿದ್ದ 60 ಗಿಡ ನನ್ನ ಗಿಡಕ್ಕಿಂತ ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ. ಒಣಗಿದ್ದನ್ನು ಕಿತ್ತೆವು. ಉಳಿದ ಸಾಲುಗಳ ನಡುವೆ ಏಲಕ್ಕಿ ಬಾಳೆ ಕಂದು, ಪಶ್ಚಿಮದ ಬದುವಿಗೆ ಒತ್ತಾಗಿ ಗ್ಲಿರಿಸಿಡಿಯಾ ಕಡ್ಡಿ, 25 ಅಡಿಗೊಂದು ತೆಂಗಿನ ಸಸಿ. ಬಾಳೆ ಮೊದಲ ಎರಡು ವರ್ಷ ನೆರಳೂ ಕೊಡುತ್ತೆ, ಗೊನೆಯ ದುಡ್ಡೂ ಕೊಡುತ್ತೆ. ದಿಂಡು ಆ ನೊಣಕ್ಕೆ. ಅರ್ಧ ಎಕರೆ ಬರೀ ಬಯಲಾಗಿ ಉಳಿದದ್ದಕ್ಕೆ ಅವನು ತರಕಾರಿ ಹಾಕ್ತಾನಂತೆ. ಅಲ್ಲಿ ಕೊಕ್ಕೊ ಬೇಡ ಅಂತ ನಾನೇ ಹೇಳಿದೆ.

"ಅಣ್ಣ, ಬೆಲೆ ಮತ್ತೆ ಸಾವಿರಕ್ಕೆ ಬಂದದಾ?" ಅಂತ ಕೇಳಿದ. ಇನ್ನೂರಕ್ಕೆ ಲೆಕ್ಕ ಹಾಕ್ಕೊ ಅಂದೆ. ಮುಖ ಸಣ್ಣದಾಯಿತು.

ಈಗ ಬಾಳೆ ಮೊಣಕಾಲು ದಾಟಿದೆ. ಅವರವ್ವನ ಸರ ಇನ್ನೂ ಬ್ಯಾಂಕಿನಲ್ಲೇ ಇದೆ, ಮೊದಲ ಗೊನೆ ದುಡ್ಡಿಗೆ ಬಿಡಿಸ್ತೀನಿ ಅಂದಿದ್ದಾನೆ. ಬೇಸಿಗೆ ಬಲಿಯುವ ಮುಂಚೆ ಅವನ 60 ಗಿಡದ ಚಿಗುರು ಮುರಿಯೋದಿದೆ. ಬರೋ ಭಾನುವಾರ ಕತ್ತರಿ ತಗೊಂಡು ಹೋಗ್ತಿದ್ದೀನಿ.